ಬೆಲ್ಚಿಯೋರನ ಹೆಬ್ಬೆರಳು

ಅಲೆಂತೆಜೋ ಸೀಮೆಯ ಆ ಊರಿನಲ್ಲಿ, ಸಂತ ಮಾರ್ತಿನನ ಹಬ್ಬದ ದಿನ ಹೊಸ ವೈನಿನ ಗುಡಾಣಕ್ಕೆ ನಲ್ಲಿ ಬಡಿಯುವವನೇ ಮನೆಯ ಯಜಮಾನ. ಫೆಲಿಸ್ಬೆಲಾಳ ಮನೆಯಲ್ಲಿ ಆ ಪದವಿ ಗಂಡ ಬೆಲ್ಚಿಯೋರನದು. ತಾತ ನೆಟ್ಟ ಮುದಿ ಬಳ್ಳಿಗಳಿಂದ ಕೆಂಪು ದ್ರಾಕ್ಷಿ ಕೊಯ್ದವಳು ಅವಳು, ತುಳಿದವಳು ಅವಳು. ಆಳೆತ್ತರದ ಮಣ್ಣಿನ ಗುಡಾಣಕ್ಕೆ ಏಣಿ ಹಾಕಿ, ಉಕ್ಕಿ ಬರುವ ಸಿಪ್ಪೆಯನ್ನು ಬೆಳಿಗ್ಗೆ ಸಂಜೆ ಕೋಲಿನಿಂದ ಅದುಮಿದವಳೂ ಅವಳೇ. ಬೆಲ್ಚಿಯೋರ್ ಏಣಿಯ ಬುಡದಲ್ಲಿ ನಿಂತು ಸಲಹೆ ಕೊಟ್ಟಿದ್ದ.

ಹಬ್ಬದ ಹಿಂದಿನ ದಿನ ಬೆಳ್ಳುಳ್ಳಿ ಸಾರಿಗೆ ರೊಟ್ಟಿ ಮುರಿದು ಹಾಕುತ್ತಾ, ಈ ಸಲವಾದರೂ ಸುತ್ತಿಗೆ ತನ್ನ ಕೈಗೆ ಕೊಡು ಎಂದು ಅವಳು ಕೇಳಿದಳು. ಬಹಳ ವರ್ಷದ ಆಸೆ ಅದು. ಬೆಲ್ಚಿಯೋರ್ ಚಮಚ ಕೆಳಗಿಟ್ಟು, ಪೆಟ್ಟಿನ ಓರೆ, ಮಣಿಕಟ್ಟಿನ ಹದ, ಉಸಿರಿನ ಲೆಕ್ಕ ಎಲ್ಲವನ್ನೂ ವಿವರಿಸಿದ. ಸಾರು ಆರಿತು.

"ಇದು ಕಲ್ತು ಬರೋದಲ್ಲ ಕಣೆ, ರಕ್ತದಲ್ಲಿ ಇರ್ಬೇಕು."

"ನನ್ ರಕ್ತವೂ ಕೆಂಪಗೇ ಇದೆ" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಮರುದಿನ ನೆರೆಯವರೆಲ್ಲ ಸುಟ್ಟ ಚೆಸ್ಟ್‌ನಟ್ ಹಿಡಿದು ಬಂದರು. ಫೆಲಿಸ್ಬೆಲಾಳ ತಮ್ಮ ಜೆಫೆರೀನೋ ಖಾಲಿ ಹೊಟ್ಟೆ ಹಿಡಿದು ಬಂದ. ಮದುವೆಗಳಿಗೆಂದೇ ಎತ್ತಿಟ್ಟಿದ್ದ ವೇಸ್ಟ್‌ಕೋಟು ತೊಟ್ಟ ಬೆಲ್ಚಿಯೋರ್, ಗುಡಾಣದ ಬುಡದ ಬಿರಡೆಗೆ ಮರದ ನಲ್ಲಿಯನ್ನು ಆನಿಸಿ ಭಾಷಣ ಶುರುಮಾಡಿದ. ಭಾಷಣ ಅವನ ಮುತ್ತಾತನವರೆಗೆ ಬಂದಿತು. 'ಪರಂಪರೆ' ಎಂಬ ಮಾತಿಗೆ ಒತ್ತು ಕೊಡಲು ಹೋಗಿ ಸುತ್ತಿಗೆ ಬೀಸಿಯೇಬಿಟ್ಟ. ಬಿರಡೆ ಒಳಕ್ಕೆ ಬಿತ್ತು, ನಲ್ಲಿ ಹೊರಕ್ಕೆ ಹಾರಿತು, ವೈನು ವೇಸ್ಟ್‌ಕೋಟಿಗೆ ಚಿಮ್ಮಿತು. ಬೇರೇನೂ ತೋಚದೆ ಬೆಲ್ಚಿಯೋರ್ ತೂತಿಗೆ ಹೆಬ್ಬೆರಳು ತುರುಕಿದ. ವೈನೂ ನಿಂತಿತು, ಭಾಷಣವೂ ನಿಂತಿತು.

ಚೆಲ್ಲಿದ್ದು ಇಳಿಜಾರು ನೆಲದಲ್ಲಿ ಹರಿದು, ನಡುವೆ ಹೂತಿಟ್ಟ ಗಡಿಗೆ ಸೇರಿತು. ಗುಡಾಣ ಒಡೆದರೂ ವೈನು ದಕ್ಕಲೆಂದು ಇಡುವ ಆ ಗಡಿಗೆಗೆ ಅಲ್ಲಿನವರು ಕಳ್ಳ ಅನ್ನುತ್ತಾರೆ.

ಜೆಫೆರೀನೋ ಅದಕ್ಕೆ ಲೋಟ ಅದ್ದಿದ. "ಭಾವ, ಈ ವರ್ಷ ಮೊದಲ ಗುಟುಕು ಕಳ್ಳಂದೇ ಆಯ್ತಲ್ಲ. ಸರಿ ಸರಿ, ಸುತ್ತಿಗೆ ಇತ್ಲಾಗೆ ಕೊಡು."

ಬಗ್ಗಿಕೊಂಡೇ ಇದ್ದ ಬೆಲ್ಚಿಯೋರ್ ಮುಖ ತಿರುಗಿಸಿದ. ಭಾಮೈದನ ಕೈಗೆ ಸುತ್ತಿಗೆ ಕೊಡುವುದಕ್ಕಿಂತ ಕ್ರಿಸ್ಮಸ್‌ವರೆಗೆ ಹಾಗೇ ನಿಂತಿರುವುದು ಮೇಲು. ಆದರೆ ಸೊಂಟ ಒಪ್ಪಬೇಕಲ್ಲ.

"ಫೆಲಿಸ್ಬೆಲಾ, ನೀನೇ ತಗೋ" ಎಂದ, ಮೆಲ್ಲಗೆ.

ಅವಳಿಗೇನೂ ಅವಸರವಿರಲಿಲ್ಲ. "ಇರು, ರುಚಿ ನೋಡ್ತೀನಿ" ಎಂದು ತಮ್ಮನ ಲೋಟ ಕಸಿದು ಗುಟುಕರಿಸಿದಳು. ಎಳೆ ವೈನು, ಹಣ್ಣಿನ ಘಮ, ತುದಿಯಲ್ಲಿ ಚೂರು ಮಣ್ಣಿನ ವಾಸನೆ. ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದಳು. ಗಂಡ ನರಳಿದ. ಆಮೇಲೆ ಅವಳು ನಲ್ಲಿಯ ಕತ್ತಿಗೆ ಒದ್ದೆ ಗೋಣಿಪಟ್ಟಿ ಬಿಗಿಯಾಗಿ ಸುತ್ತಿ, ತೂತಿನ ಪಕ್ಕಕ್ಕೆ ಹಿಡಿದು, "ಹ್ಞೂಂ, ಈಗ ತೆಗಿ" ಎಂದಳು.

ಒಂದೇ ಪೆಟ್ಟು. ನಲ್ಲಿ ಕಚ್ಚಿಕೊಂಡು ಕೂತಿತು. ನೆರೆಯವರು ಹಾಡು ಎತ್ತಿಕೊಂಡರು, ಚೆಸ್ಟ್‌ನಟ್ ಸಿಪ್ಪೆ ಕಾಲ ಕೆಳಗೆ ಚಟಚಟಗುಟ್ಟಿತು, ಫೆಲಿಸ್ಬೆಲಾ ಎಲ್ಲರಿಗೂ ತಾನೇ ವೈನು ಬಗ್ಗಿಸಿದಳು.

ಅಂದಿನಿಂದ ಬೆಲ್ಚಿಯೋರ್ ಪಡಖಾನೆಯಲ್ಲಿ ಹೇಳುವುದೇ ಬೇರೆ. ಸುತ್ತಿಗೆ ಯಾರು ಬೇಕಾದರೂ ಬೀಸಬಹುದಂತೆ, ಹೆಬ್ಬೆರಳು ತೆಗೆಯುವ ಗಳಿಗೆ ಮಾತ್ರ ರಕ್ತದಲ್ಲಿ ಇರಬೇಕಂತೆ. ಫೆಲಿಸ್ಬೆಲಾ ವಾದಕ್ಕೆ ಹೋಗುವುದಿಲ್ಲ. ಸುತ್ತಿಗೆ ಈಗ ಅವಳ ಅಡುಗೆಮನೆಯ ಮೊಳೆಗೆ ತೂಗುತ್ತಿದೆ.