ಸ್ಮರಾಂದಾ ನೋಡದ ಮುಖ

ಶನಿವಾರ ಮಧ್ಯಾಹ್ನ ಪಾದೊವಾ ಊರಿನ ಹೊರಗೆ, ಸೂಪರ್ ಮಾರ್ಕೆಟ್ಟಿನ ಹಿಂದಿನ ಬಯಲಿನಲ್ಲಿ, ರೊಮೇನಿಯಾಕ್ಕೆ ಹೊರಡುವ ವ್ಯಾನುಗಳು ನಿಲ್ಲುತ್ತವೆ. ವಾರವಿಡೀ ಇಟಲಿಯ ಮುದುಕ ಮುದುಕಿಯರನ್ನು ಎತ್ತಿ, ಕೂರಿಸಿ, ತೊಳೆದು, ಉಣ್ಣಿಸಿ ದಣಿದ ಹೆಂಗಸರು ಅಲ್ಲಿಗೆ ಬಂದು ಊರಿಗೆ ಗಂಟು ಕಳಿಸುತ್ತಾರೆ. ಎಣ್ಣೆ, ಕಾಫಿಪುಡಿ, ಬಟ್ಟೆ ಸೋಪು, ಮಕ್ಕಳ ಶೂ. ಸ್ಮರಾಂದಾ ಕೂಡ ವರ್ಷಗಟ್ಟಲೆ ಬಂದು ಅಮ್ಮನಿಗೆ ಗಂಟು ಕೊಟ್ಟು ಹಿಂದಿರುಗಿದವಳೇ. ಈ ಸಲ ಅವಳೇ ಹತ್ತಿ ಕೂತಳು.

ಹಿಂದಿನ ದಿನ ದೊಡ್ಡಮ್ಮ ಸವೇತಾ ಫೋನು ಮಾಡಿದ್ದಳು.

"ನಿಮ್ಮಮ್ಮ ಹೋಗ್ಬಿಟ್ಲು ಕಣೇ. ಹೃದಯ ನಿಂತೋಯ್ತು. ಸೋಮವಾರ ಮಣ್ಣು."

"ನಾನು ಬರೋ ತನಕ ಕಾಯಿರಿ ದೊಡ್ಡಮ್ಮ."

"ಬಾ," ಎಂದಷ್ಟೇ ಹೇಳಿ ಸವೇತಾ ಫೋನಿಟ್ಟಿದ್ದಳು.

ವಿಮಾನದಲ್ಲಿ ಹೋಗು ಎಂದು ಜರ್ಮನಿಯ ಮಾಂಸದ ಕಾರ್ಖಾನೆಯಿಂದ ಗಂಡ ನೆಲು ಹೇಳಿದ್ದ. ಆದರೆ ಎಂಟನೇ ತಿಂಗಳಲ್ಲಿ ಡಾಕ್ಟರ ಚೀಟಿ ಇಲ್ಲದೆ ವಿಮಾನದವರು ಹತ್ತಿಸುವುದಿಲ್ಲ. ಡಾಕ್ಟರು ಸಿಗುವುದು ಸೋಮವಾರ. ಸೋಮವಾರ ಅಮ್ಮ ಮಣ್ಣಿಗೆ ಹೋಗುತ್ತಾಳೆ.

ಎರಡು ವರ್ಷಗಳಿಂದ ಅವಳು ಅಮ್ಮನ ಮುಖವನ್ನು ಫೋನಿನಲ್ಲಲ್ಲದೆ ನೋಡಿರಲಿಲ್ಲ. ಇನ್ನೊಮ್ಮೆ ನೋಡಬೇಕು, ಅಷ್ಟೇ. ಬೇರೇನೂ ಬೇಡ. ಆದರೆ ಬಸುರಿ ಹೆಣ ನೋಡಬಾರದು ಎನ್ನುವ ಊರು ಅದು. ನೋಡಿದರೆ ಮಗು ಬಣ್ಣ ಕಳೆದುಕೊಂಡು ಹುಟ್ಟುತ್ತದೆ, ಇಲ್ಲವೇ ಉಸಿರೇ ಇಲ್ಲದೆ ಹುಟ್ಟುತ್ತದೆ ಎನ್ನುತ್ತಾರೆ. ಹಾಗಾಗಿ ತಾನು ನೋಡಿಕೊಳ್ಳುವ ಮುದುಕಿಯ ಮಗನ ಹಳೆಯ ಕೋಟು ಬೇಡಿ ತಂದಿದ್ದಳು. ಮೂರು ಜನ ಹಿಡಿಸುವಷ್ಟು ದೊಡ್ಡದು. ತಾನು ಬಸುರಿ ಎಂದು ಊರಿನಲ್ಲಿ ಯಾರಿಗೂ ತಿಳಿಯದು. ಅಮ್ಮನಿಗೂ ಹೇಳಿರಲಿಲ್ಲ.

ಹೇಳದೇ ಇದ್ದುದಕ್ಕೆ ಕಾರಣವಿತ್ತು. ಹಿಂದೆ ಎರಡು ಸಲ ಬಸಿರು ನಿಂತಿತ್ತು. ಎರಡು ಸಲವೂ ಖುಷಿ ತಡೆಯಲಾರದೆ ಅಮ್ಮನಿಗೆ ಹೇಳಿದ್ದಳು, ಎರಡು ಸಲವೂ ತಿಂಗಳೊಳಗೆ ಹೋಗಿತ್ತು. ಬಾಯಿಬಿಟ್ಟರೆ ಕಣ್ಣು ಬೀಳುತ್ತದೆ ಎಂದು ಅಮ್ಮನೇ ಕಲಿಸಿದ್ದಳಲ್ಲ. ಈ ಸಲ ಒಂದು ಕುಲಾವಿಯನ್ನೂ ಕೊಳ್ಳಲಿಲ್ಲ. ಭಾನುವಾರ ವಿಡಿಯೊ ಕಾಲ್ ಮಾಡಿದಾಗ ಫೋನನ್ನು ಮುಖದ ಹತ್ತಿರವೇ ಹಿಡಿಯುತ್ತಿದ್ದಳು.

"ಸ್ವಲ್ಪ ದೂರ ಹಿಡಿಯೇ, ಬರೀ ಮೂಗು ಕಾಣ್ತಿದೆ," ಎನ್ನುತ್ತಿದ್ದಳು ಅಮ್ಮ.

"ನಿನ್ನದೂ ಹಾಗೇ ಕಾಣ್ತಿದೆ ಬಿಡು. ನಾನು ಕಳಿಸಿದ ನೀಲಿ ತಲೆವಸ್ತ್ರ ಎಲ್ಲಿ? ಒಂದು ದಿನಾನೂ ಕಟ್ಟಿದ್ದು ನೋಡ್ಲಿಲ್ಲ."

"ಅದಾ? ಇದೆ ಬಿಡು."

ಬಣ್ಣ ಹಿಡಿಸಲಿಲ್ಲವೇನೋ ಎಂದುಕೊಂಡು ಸ್ಮರಾಂದಾ ಸುಮ್ಮನಾಗಿದ್ದಳು.

ವ್ಯಾನಿನಲ್ಲಿ ಪಕ್ಕಕ್ಕೆ ಕೂತವಳು ಪರಸ್ಕೀವಾ ಎನ್ನುವ ದಪ್ಪ ಹೆಂಗಸು. ಬೆಲ್ಟು ಹಾಕಿಕೊಳ್ಳಲು ಕೈಯಾಡಿಸಿದಾಗ ಕೋಟಿನೊಳಗಿನ ಹೊಟ್ಟೆ ಅವಳ ಮೊಣಕೈಗೆ ತಾಗಿಬಿಟ್ಟಿತು.

"ಅಯ್ಯೋ, ನೀನು ಒಬ್ಬಳಲ್ಲ! ಹೇಳಬಾರದೇನೇ? ಎಲ್ಲಿಗೆ ಹೊರಟೆ ಹೀಗೆ?"

ಸ್ಮರಾಂದಾಳ ಬಾಯಿಗೆ ಬಂದದ್ದು ಸುಳ್ಳು. "ಹೆರಿಗೆಗೆ. ಅಮ್ಮನ ಹತ್ರ."

ಅಷ್ಟು ಸಾಕಾಯಿತು. ವ್ಯಾನಿಗೆ ವ್ಯಾನೇ ಹಬ್ಬವಾಯಿತು. ಬಸುರಿ ಕಣ್ಣಿಟ್ಟದ್ದನ್ನು ಕೊಡದವರ ಕಣ್ಣಲ್ಲಿ ಕುರು ಏಳುತ್ತದೆಂದು ಎಲ್ಲರೂ ಡಬ್ಬಿ ಬಿಚ್ಚಿದರು. ಎಲೆಕೋಸಿನಲ್ಲಿ ಸುತ್ತಿದ ಮಾಂಸದುಂಡೆ, ಚೀಸು, ಉಪ್ಪುನೀರಿನಲ್ಲಿ ಹಾಕಿದ ಸೌತೆಕಾಯಿ.

"ತಿನ್ನಮ್ಮಾ, ನನಗೆ ಇರೋದೇ ಎರಡು ಕಣ್ಣು," ಎಂದಳು ಪರಸ್ಕೀವಾ.

"ನನಗೆ ಕುರು ಬಂದ್ರೆ ದಾರಿ ಕಾಣದೆ ನೀವೆಲ್ಲ ಹಂಗೇರಿಯ ಹೊಲದಲ್ಲಿ ಮಲಗ್ತೀರಿ," ಎಂದು ಡ್ರೈವರ್ ಗೀತ್ಸಾ ತನ್ನ ಚಾಕಲೇಟನ್ನು ಹಿಂದಕ್ಕೆ ಚಾಚಿದ. "ತಗೋ ಅಕ್ಕಾ. ಮಗು ಗಂಡಾದ್ರೆ ನನ್ನ ಹೆಸರಿಡು."

"ನಿನ್ನ ಹೆಸರಿಟ್ರೆ ಹುಟ್ಟುತ್ಲೇ ಸಿಗರೇಟು ಕೇಳತ್ತೆ ಕಣೋ!" ಎಂದಳು ಪರಸ್ಕೀವಾ.

ಎಲ್ಲರೂ ನಕ್ಕರು. ಸ್ಮರಾಂದಾಳೂ ತುಟಿ ಅಗಲಿಸಿದಳು. ಬಾಯಲ್ಲಿದ್ದ ಸೌತೆಕಾಯಿಗೆ ಸಬ್ಬಸಿಗೆಯ ವಾಸನೆಯಿತ್ತು. ಅಮ್ಮನೂ ಸೌತೆಕಾಯಿಗೆ ಸಬ್ಬಸಿಗೆ ಹೂವನ್ನೇ ಹಾಕುತ್ತಿದ್ದಳು.

ದಾರಿಯಲ್ಲಿ ಹಿಮ ಬಿತ್ತು. ಘಾಟಿಯಲ್ಲಿ ಲಾರಿಯೊಂದು ಅಡ್ಡ ಮಲಗಿ, ಹಿಂದೆ ಗಾಡಿಗಳ ಸಾಲು ಕಲ್ಲಾಗಿ ನಿಂತಿತು. ಹೊಟ್ಟೆ ಆಗಾಗ ಬಿಗಿದು ಗಟ್ಟಿಯಾಗುತ್ತಿತ್ತು. ಅವಳು ಎರಡೂ ಕೈ ಅದರ ಮೇಲಿಟ್ಟು, ಸಡಿಲವಾಗುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೊರಗೆ ಬಿಳುಪಲ್ಲದೆ ಏನೂ ಇರಲಿಲ್ಲ. ಕಾಲು ಊದಿ ಶೂ ಬಿಚ್ಚಬೇಕಾಯಿತು. ಪರಸ್ಕೀವಾ ಅವಳ ಪಾದಗಳನ್ನು ಕೇಳದೇ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಅಳ್ತೀಯಾ ಯಾಕೆ? ಮನೆಗೆ ಹೋಗ್ತಿದೀಯ. ಅಮ್ಮ ಬಾಗಿಲಲ್ಲೇ ಕಾಯ್ತಿರ್ತಾಳೆ."

ಸೋಮವಾರ ಬೆಳಿಗ್ಗೆ ಗೀತ್ಸಾ ಅವಳನ್ನು ಮನೆಯ ತಿರುವಿನಲ್ಲಿ ಇಳಿಸಿದ. ಗೇಟಿನ ಮೇಲೆ ಕಟ್ಟಿದ ಕಪ್ಪು ಬಟ್ಟೆ ವ್ಯಾನಿನ ದೀಪದ ಬೆಳಕಿಗೆ ಬಿತ್ತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ, ಟೋಪಿ ತೆಗೆದ. ವ್ಯಾನಿನೊಳಗೆ ಪರಸ್ಕೀವಾ ಶಿಲುಬೆಯ ಗುರುತು ಹಾಕಿಕೊಂಡಳು.

ಸ್ಮರಾಂದಾ ಕೋಟಿನ ಗುಂಡಿಗಳನ್ನು ಕತ್ತಿನ ತನಕ ಹಾಕಿಕೊಂಡು ಗೇಟು ತಳ್ಳಿದಳು. ಒಳಗೆ ದೊಡ್ಡಮ್ಮ ಸವೇತಾ ನಿಂತಿದ್ದಳು. ತಬ್ಬಿಕೊಳ್ಳಲಿಲ್ಲ. ಅವಳ ಕೈ ಹಿಡಿದು, ಕೋಟಿನ ತೋಳು ಸರಿಸಿ, ಮಣಿಕಟ್ಟಿಗೆ ಕೆಂಪು ದಾರ ಕಟ್ಟತೊಡಗಿದಳು.

"ಏನಿದು ದೊಡ್ಡಮ್ಮ?"

"ಹೊಟ್ಟೇಲಿರೋದಕ್ಕೆ."

"ಯಾರು ಹೇಳಿದ್ರು?"

"ನಿಮ್ಮಮ್ಮ. ಬೇಸಿಗೆಯಿಂದ್ಲೇ ಗೊತ್ತಿತ್ತು ಅವಳಿಗೆ. ಯಾವತ್ತೂ ಹುಳಿ ಮುಟ್ಟದ ಹುಡುಗಿ ಉಪ್ಪಿನ ಸೌತೆಕಾಯಿ ಕಳಿಸು ಅಂದ್ಳು, ಫೋನು ಮೂಗಿಗೆ ಹಚ್ಕೊಂಡು ಮಾತಾಡ್ತಾಳೆ, ನನಗೇನು ಕಣ್ಣಿಲ್ವಾ ಅಂತಿದ್ಳು. ಕೇಳು ಹಾಗಾದ್ರೆ ಅಂದೆ. ಅವಳಾಗಿ ಹೇಳ್ಲಿ, ನಾನು ಕೇಳಿ ಕಣ್ಣು ಹಾಕಲ್ಲ ಅಂದ್ಳು."

ಸ್ಮರಾಂದಾ ಕೋಟಿನ ತೋಳನ್ನು ದಾರದ ಮೇಲೆ ಎಳೆದುಕೊಂಡಳು.

"ಅವಳೂ ನಿನಗೆ ಹೇಳ್ಲಿಲ್ಲ. ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ನೀನು ಫೋನು ಮಾಡೋ ಹೊತ್ತಿಗೆ ನಾನು ಎತ್ತಿ ಕೂರಿಸ್ತಿದ್ದೆ. ದಿಂಬು ಕಾಣದ ಹಾಗೆ ಫೋನು ಹತ್ರ ಹಿಡೀತಿದ್ಳು. ಗಾಬರಿಯಾದ್ರೆ ಇದೂ ಹೋಗತ್ತೆ ಅಂತ."

ಒಳಮನೆಯ ಬಾಗಿಲು ತೆರೆದೇ ಇತ್ತು. ಮೇಣದಬತ್ತಿಯ ವಾಸನೆ ಅಂಗಳದ ತನಕ ಬರುತ್ತಿತ್ತು. ಸ್ಮರಾಂದಾ ಅತ್ತ ಹೆಜ್ಜೆ ಹಾಕಿದಳು.

"ಸ್ಮರಾಂದಾ." ದೊಡ್ಡಮ್ಮನ ದನಿ ಏರಲಿಲ್ಲ. "ಅವಳು ಬಂದ್ರೆ ನನ್ನ ಮುಖ ತೋರಿಸಬೇಡ ಅಂತ ನಿಮ್ಮಮ್ಮ ಅಂದಿದ್ಳು. ನಾನು ಅಡ್ಡ ನಿಲ್ಲಲ್ಲ. ಬಾಗಿಲು ಅಲ್ಲಿದೆ. ಅವಳ ಮಾತು ನಿನಗೆ ಮುಟ್ಟಿಸಬೇಕಿತ್ತು, ಮುಟ್ಟಿಸಿದೆ."

"ಇದನ್ನೆಲ್ಲ ನಾನು ನಂಬಲ್ಲ ದೊಡ್ಡಮ್ಮ."

"ನಂಬಬೇಡ."

"ಇಟಲೀಲಿ ಇದನ್ನ ಕೇಳಿದ್ರೆ ನಗ್ತಾರೆ."

"ನಗ್ಲಿ."

ಯಾರಾದರೂ ತಡೆದರೆ ನೂಕಿಕೊಂಡು ಹೋಗಲು ಅವಳು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಈಗ ತಡೆಯುವವರು ಇರಲಿಲ್ಲ. ಹೊಸ್ತಿಲಿನಿಂದ ನಾಲ್ಕು ಮಾರು ದೂರದಲ್ಲಿ ನಿಂತಳು. ಹೋದ ಎರಡನ್ನು ನೆನೆದಳು. ಇದು ಪಕ್ಕೆಗೆ ಒಮ್ಮೆ ಒದ್ದಿತು. ಆಮೇಲೆ ಅವಳು ತಿರುಗಿ, ಅಂಗಳದ ಆಚೆ ಬೇಸಿಗೆಯಲ್ಲಿ ಅಡುಗೆ ಮಾಡುವ ಪುಟ್ಟ ಮನೆಯೊಳಗೆ ಹೋಗಿ ಬೆಂಚಿನ ಮೇಲೆ ಕೂತಳು. ಒಲೆ ತಣ್ಣಗಿತ್ತು. ಬೆಂಚಿನ ಕೆಳಗೆ ಅಮ್ಮನ ರಬ್ಬರ್ ಬೂಟುಗಳು, ಹಿಮ್ಮಡಿಯಲ್ಲಿ ಒಣಗಿದ ಮಣ್ಣು.

ಪಾದ್ರಿ ಬಂದ. ಹೆಂಗಸರು ಅಮ್ಮನ ಹೆಸರು ಕೂಗಿ ಅತ್ತರು. ಇಲ್ಯಾನಾ, ಎದ್ದು ನೋಡು, ಇಷ್ಟು ಜನ ನೆಂಟರು ಬಂದಿದಾರೆ ಎಂದು ಯಾರೋ ರಾಗವೆತ್ತಿದರು. ಚರ್ಚಿನ ಗಂಟೆ ಬಾರಿಸಿದರು. ಅವರ ಕಡೆ ಶವಪೆಟ್ಟಿಗೆಗೆ ಮುಚ್ಚಳ ಹಾಕುವುದು ಗುಂಡಿಯ ಬಳಿ. ಅಲ್ಲಿಯ ತನಕ ಮುಖ ಆಕಾಶಕ್ಕೆ ತೆರೆದಿರುತ್ತದೆ. ಪೆಟ್ಟಿಗೆ ಅಂಗಳ ದಾಟಿ ಈ ಕಿಟಕಿಯ ಪಕ್ಕದಲ್ಲೇ ಹೋಗಬೇಕು. ಕಾಲುಗಳ ಸದ್ದು ಹತ್ತಿರವಾಯಿತು. ಒಬ್ಬ, "ಎಡಕ್ಕೆ, ಸ್ವಲ್ಪ ಎತ್ತು," ಎಂದ. ಸ್ಮರಾಂದಾ ಎದ್ದು ಕಿಟಕಿಗೆ ಬೆನ್ನು ಮಾಡಿ, ಒಲೆಯ ಗೋಡೆಗೆ ಹಣೆ ಒತ್ತಿ ನಿಂತಳು. ಸದ್ದು ಪೂರ್ತಿ ಅಡಗಿ, ನಾಯಿ ಬೊಗಳುವುದು ಮಾತ್ರ ಉಳಿಯುವ ತನಕ ಹಾಗೇ ನಿಂತಿದ್ದಳು.

ಮಣ್ಣು ಮಾಡಿ ಬಂದ ದೊಡ್ಡಮ್ಮ ಒಲೆ ಹೊತ್ತಿಸಿ, ಬಟ್ಟಲಲ್ಲಿ ಸಾರು ತಂದಿಟ್ಟಳು. ಅವಳ ಶೂಗಳಲ್ಲಿ ಹಸಿ ಮಣ್ಣಿತ್ತು.

"ಏನು ತೊಡಿಸಿದ್ರಿ ಅಮ್ಮನಿಗೆ?"

"ಕಪ್ಪು ಲಂಗ. ಬಿಳಿ ಅಂಗಿ. ನೀಲಿ ತಲೆವಸ್ತ್ರ, ನೀನು ಕಳಿಸಿದ್ದು."

"ಅದು ಅವಳಿಗೆ ಹಿಡಿಸಿರಲಿಲ್ಲ."

"ಹಿಡಿಸದೆ ಏನು? ಬಂದ ದಿನಾನೇ ಮಡಚಿ ಬಟ್ಟೆ ಟ್ರಂಕಲ್ಲಿ ಇಟ್ಳು. ಇದು ಹೊರಡೋವಾಗ ಕಟ್ಟೋದು, ಮುಟ್ಟಬೇಡಿ ಅಂದ್ಳು."

ಸ್ಮರಾಂದಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣು ಮುಚ್ಚಿ ಕೇಳಿದಳು.

"ತಲೆವಸ್ತ್ರದ ಗಂಟು ಗದ್ದದ ಕೆಳಗೋ, ಕತ್ತಿನ ಹಿಂದೋ?"

"ಗದ್ದದ ಕೆಳಗೆ," ಎಂದಳು ದೊಡ್ಡಮ್ಮ. "ತಿನ್ನು ಈಗ. ಆರಿಹೋಗತ್ತೆ."