ಶಾಮಣ್ಣನಿಗೆ ಪ್ಯಾರಿಸ್ಸಿನಿಂದ ಬಂದ ಪತ್ರ

ಶಾಮಣ್ಣನಿಗೆ ಪ್ಯಾರಿಸ್ಸಿನಿಂದ ಬಂದ ಪತ್ರವನ್ನು ನಾನು ಸುಳ್ಳು ಓದಿ ಹೇಳಿದೆ. ಅದರಲ್ಲಿ ಬರೆದದ್ದು ಒಂದು, ನನ್ನ ಬಾಯಿಂದ ಬಂದದ್ದು ಇನ್ನೊಂದು. ಮೂವತ್ತೈದು ವರ್ಷ ಇದನ್ನು ಯಾರ ಮುಂದೆಯೂ ಆಡಲಿಲ್ಲ — ಹೆಂಡತಿಯ ಮುಂದೆ ಕೂಡ. ಈಗ ಹೇಳುತ್ತಿದ್ದೇನೆಂದು ನನ್ನನ್ನು ಧೈರ್ಯವಂತನೆಂದು ತಿಳಿಯಬೇಡಿ. ಸ್ವಾತಂತ್ರ್ಯ ಬಂದು ಗೋರಾ ಸಾಹೇಬರೆಲ್ಲ ತಮ್ಮ ದೇಶಕ್ಕೆ ಹೊರಟರು, ನಾನು ಕೆಲಸ ಮಾಡುತ್ತಿದ್ದ ಅಂಗಡಿ ಮುಚ್ಚಿತು, ಮೇಜಿನ ಖಾನೆ ಖಾಲಿ ಮಾಡಬೇಕಾಯಿತು, ಪತ್ರ ಕೈಗೆ ಬಂತು. ಅಷ್ಟೇ.

ನಾನು ಬೆಳಗಾವಿಯ ಕಡೆಯವನು. ಪುಣೆಯ ಕಾಲೇಜಿನಲ್ಲಿ ಸಂಸ್ಕೃತ ಬಿಟ್ಟು ಫ್ರೆಂಚ್ ತೆಗೆದುಕೊಂಡೆ. ಸಂಸ್ಕೃತದ ವ್ಯಾಕರಣಕ್ಕೆ ಹೆದರಿ, ಬೇರೇನಿಲ್ಲ. ಅಪ್ಪ ಆರು ತಿಂಗಳು ಮಾತು ಬಿಟ್ಟಿದ್ದರು. ಆದರೆ ಅದೇ ಫ್ರೆಂಚ್ ನನಗೆ ಅನ್ನ ಹಾಕಿತು. ಪುಣೆಯ ಕ್ಯಾಂಪಿನಲ್ಲಿ, ಬಿಳಿಯರ ದಂಡು ಇದ್ದ ಭಾಗದಲ್ಲಿ, ಒಬ್ಬ ಪಾರ್ಸಿ ಸೇಠರು ಫ್ರಾನ್ಸಿನಿಂದ ಅತ್ತರು, ಸಾಬೂನು ತರಿಸಿ ಬಿಳಿಯ ಮಡ್ಡಮ್ಮಂದಿರಿಗೆ ಮಾರುತ್ತಿದ್ದರು. ಅವರ ಪತ್ರವ್ಯವಹಾರವೆಲ್ಲ ನನ್ನದು. ಶಾಮಣ್ಣ ಧಾರವಾಡದವನು. ಬುಧವಾರ ಪೇಠೆಯಲ್ಲಿ ಅವನ ಖಾನಾವಳಿ. ನಮ್ಮ ಕಡೆಯ ಕಾರಕೂನರೆಲ್ಲ ಎರಡು ಹೊತ್ತೂ ಅಲ್ಲೇ ಉಣ್ಣುತ್ತಿದ್ದೆವು. ಅವನಿಗೆ ಕನ್ನಡ, ಮರಾಠಿ ಬಿಟ್ಟರೆ ಬೇರೆ ಅಕ್ಷರ ಬರುತ್ತಿರಲಿಲ್ಲ.

ಒಂದು ರವಿವಾರ ಪಂಕ್ತಿಯ ನಡುವೆ ತುಪ್ಪ ಮುಗಿಯಿತು. ಅರ್ಧ ಸಾಲಿಗೆ ಬಿದ್ದಿದೆ, ಇನ್ನರ್ಧ ಸಾಲು ಅನ್ನ ಕಲಸದೆ ಕಾಯುತ್ತಿದೆ. ಬೇರೆಯವನಾಗಿದ್ದರೆ ಕೈ ಮುಗಿದು ಬಿಡುತ್ತಿದ್ದ. ಶಾಮಣ್ಣ ತುಪ್ಪ ಬಡಿಸುವ ಮಿಳ್ಳೆಯನ್ನು ಖಾಲಿಯೇ ಹಿಡಿದು ಮುಂದುವರಿದ! ಒಬ್ಬೊಬ್ಬರ ಎಲೆಗೂ ಬಾಗುವುದೇನು, ಮಿಳ್ಳೆ ಓರೆ ಮಾಡುವುದೇನು, ಕೊನೆಯ ಹನಿಯನ್ನು ಬೆರಳಿನಿಂದ ಒರೆಸಿ ಹಾಕುವುದೇನು. ಜನ ತಾವಾಗಿಯೇ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು "ಸಾಕು, ಸಾಕು" ಅಂದರು. ವಕೀಲರ ಗುಮಾಸ್ತನೊಬ್ಬನಂತೂ, ಬಾಜೂದವನಿಗೆ ಹೆಚ್ಚು ಬಿತ್ತು, ತನಗೆ ಕಡಿಮೆ ಬಿತ್ತು ಅಂತ ಜಗಳಕ್ಕೇ ನಿಂತ. ಆಮೇಲೆ ಗುಟ್ಟು ತಿಳಿದು ನಾವು ನಕ್ಕ ನಗೆಗೆ ಅನ್ನ ನೆತ್ತಿಗೆ ಹತ್ತಿತು.

ಆ ವರ್ಷ ಗಣಪತಿ ಹಬ್ಬದಲ್ಲಿ ನಾವು ಆಡಿದ ನಾಟಕದೊಳಗೆ ಈ ಖಾಲಿ ಮಿಳ್ಳೆಯ ಆಟವನ್ನೂ ಸೇರಿಸಿ ಶಾಮಣ್ಣನಿಂದಲೇ ಆಡಿಸಿದೆವು; ಚಪ್ಪಾಳೆಯೋ ಚಪ್ಪಾಳೆ. ನಾಟಕದಲ್ಲಿ ರಾಜ ನಾನು. ಎರಡು ತಿಂಗಳು ಕನ್ನಡಿಯ ಮುಂದೆ ನಿಂತು ಮಾತು ಕಲಿತಿದ್ದೆ. ನಾನು ಸಿಂಹಾಸನದಿಂದ ಎದ್ದು ಬಾಯಿ ತೆರೆದೆನೋ ಇಲ್ಲವೋ, ಹಿಂದಿನ ಸಾಲಿನಿಂದ ಕೂಗು — "ರಾಜಾ ಸಾಕು, ಶಾಮಣ್ಣನ್ನ ಕಳಸ್ರಿ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಉರಿದು ಹೋದೆ.

ಹುಬ್ಬಳ್ಳಿಯ ನಾಟಕ ಕಂಪನಿಯ ಮಾಲಕರೊಬ್ಬರು ಅಂದು ಸಭೆಯಲ್ಲಿದ್ದರು. ಹಾಸ್ಯದ ಪಾತ್ರಕ್ಕೆ ಬಾ, ಎಂದು ಶಾಮಣ್ಣನನ್ನು ಕರೆದರು. ಅವನು ದೀಪಾವಳಿಯವರೆಗೆ ವಾಯಿದೆ ಕೇಳಿದ. ಯಾಕೆಂದರೆ ಅವನಿಗೆ ಮೊದಲು ಇನ್ನೊಬ್ಬರ ಮಾತು ಬೇಕಾಗಿತ್ತು.

ಅವರು ಫ್ರಾನ್ಸಿನ ಒಬ್ಬ ಹಾಸ್ಯನಟರು. ಕ್ಯಾಂಪಿನ ಬಯೋಸ್ಕೋಪಿನಲ್ಲಿ ರವಿವಾರ ಮಧ್ಯಾಹ್ನ ಅವರ ಮೂಕಚಿತ್ರಗಳು ಬರುತ್ತಿದ್ದವು. ಚೂಪು ಮೀಸೆ, ಕುತ್ತಿಗೆಗೆ ಬಿಗಿಯಾದ ಕಾಲರು. ಪುಣೆಯ ಜನ ಅವರಿಗೆ ಮೀಸೆ ಸಾಹೇಬ ಎಂದು ಹೆಸರಿಟ್ಟಿದ್ದರು. ಕತೆ ಬರೆಯುವವರೂ ಅವರೇ, ನಟರನ್ನು ಕುಣಿಸುವವರೂ ಅವರೇ, ಬಿದ್ದು ಏಳುವವರೂ ಅವರೇ ಎಂದು ನಾನು ಪರದೆಯ ಮೇಲಿನ ಬರಹ ಓದಿ ಹೇಳಿದಾಗ ಶಾಮಣ್ಣ ಬೆರಗಾಗಿ, "ತಾನ ಅಡಿಗಿ, ತಾನ ಬಡಸೂದು, ತಾನ ಊಟಾ! ಭಾರೀ ಮನಿಷ್ಯಾ ಇದ್ದಾನ ಬಿಡು" ಅಂದಿದ್ದ. ಅವರಿಗೊಂದು ಪತ್ರ ಬರೆ ಎಂದು ನಾನೇ ಚೇಷ್ಟೆಗೆ ಅಂದೆ. ಅವನು ನಿಜಕ್ಕೂ ಹಿಡಿದು ಕೂತ.

ಅವನು ಹೇಳಿದಂತೆ ಫ್ರೆಂಚಿನಲ್ಲಿ ಪತ್ರ ಬರೆದೆ. ಖಾಲಿ ಮಿಳ್ಳೆಯ ಆಟವನ್ನು ಹೆಜ್ಜೆ ಹೆಜ್ಜೆಯಾಗಿ ಬರೆಸಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದ: ನಟನಾಗುವಂಥದ್ದು ನನ್ನ ಹತ್ತಿರ ಏನಾದರೂ ಇದೆಯೇ, ಇಲ್ಲವೇ, ನೀವು ಹೇಳಿದಂತೆ ಕೇಳುತ್ತೇನೆ. ಆ ಪತ್ರವನ್ನು ಮಾತ್ರ ನಾನು ಪ್ರಾಮಾಣಿಕವಾಗಿ ಬರೆದೆ — ಇದೊಂದನ್ನಾದರೂ ನಂಬಿ.

ಉತ್ತರ ಅಂಗಡಿಯ ವಿಳಾಸಕ್ಕೆ ಬಂತು. ನಾಲ್ಕು ಪುಟ. ತಾನು ಮದ್ಯದ ಪೀಪಾಯಿ ಮಾಡುವವನ ಮಗ, ನಾಟಕಶಾಲೆಯವರು ಮೂರು ಸಲ ಹೊರಗೆ ಹಾಕಿದರು, ಹೊಟ್ಟೆಗಾಗಿ ಆರು ವರ್ಷ ಹೋಟೆಲಿನಲ್ಲಿ ಸೂಪು ಬಡಿಸಿದೆ ಎಂದು ತನ್ನ ಕತೆಯನ್ನೆಲ್ಲ ಬರೆದಿದ್ದರು. ಮುಂದೆ ಹೀಗಿತ್ತು: "ಆರು ವರ್ಷ ಬಡಿಸಿದ ನನಗೆ ಹೊಳೆಯದದ್ದು ನಿಮಗೆ ಹೊಳೆಯಿತು. ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ, ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು. ನೀವು ಹುಟ್ಟಾ ನಟರು, ಅನುಮಾನ ಬೇಡ. ಈ ಆಟವನ್ನು ನನಗೆ ಕೊಡುತ್ತೀರಾ? ನಿಮ್ಮ ಹೆಸರು ಹಾಕಿ ಚಿತ್ರ ಮಾಡುತ್ತೇನೆ."

ಖಾನಾವಳಿಯಲ್ಲಿ ಶಾಮಣ್ಣ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಪಂಚೆಗೆ ಒರೆಸುತ್ತ ನನ್ನೆದುರು ಕೂತ. "ಏನ್ ಬರದಾರೋ ನರಹರಿ? ಖರೇ ಖರೇ ಹೇಳು."

ಹೇಳಿದೆ.

"ಇದು ಅಡಿಗಿಮನಿ ಚ್ಯಾಷ್ಟಿ, ಇದರಾಗ ನಗೂದೇನದ, ನಿನ್ನ ಕೆಲಸ ನೀ ನೋಡ್ಕೋ ಅಂತ ಬರದಾರ."

ಅವನು ಕಾಗದದ ಪುಟ ಎಣಿಸಿದ. "ಇಷ್ಟ ಹೇಳಾಕ ನಾಕ್ ಪುಟ ಬೇಕಾತೇನು?" ಅಂದ. "ದೊಡ್ಡವರು, ವಿವರವಾಗಿ ಬರದಾರ" ಅಂದೆ. ನಾಲಗೆ ಎಷ್ಟು ಸಲೀಸಾಗಿ ಹೊರಳಿತು! ಅವನು ಎದ್ದು ಒಳಗೆ ಹೋಗಿ ಹಿಟ್ಟು ನಾದತೊಡಗಿದ.

ಹುಬ್ಬಳ್ಳಿಯವರಿಗೆ ಬರುವುದಿಲ್ಲವೆಂದು ತಿಳಿಸಿದ. ನನಗೆ ನಾನು ಸಮಾಧಾನ ಹೇಳಿಕೊಂಡೆ: ಹೆಂಡತಿ ಮಕ್ಕಳಿರುವವನು, ನಾಟಕದವರ ಹಿಂದೆ ಊರೂರು ಅಲೆದು ಹಾಳಾಗುತ್ತಿದ್ದ, ಒಂದು ಸಂಸಾರ ಉಳಿಸಿದೆ... ಛೆ! ಅವನ ಸಂಸಾರದ ಚಿಂತೆ ನನಗೆ ಯಾವತ್ತು ಇತ್ತು? ನನಗೆ ಹೊಟ್ಟೆಕಿಚ್ಚು. ಎರಡು ತಿಂಗಳು ಕನ್ನಡಿಯ ಮುಂದೆ ನಿಂತವನಿಗೆ ಬಾರದ ಚಪ್ಪಾಳೆ ಖಾಲಿ ಮಿಳ್ಳೆ ಹಿಡಿದವನಿಗೆ ಬಂತಲ್ಲ, ಅದು ತಡೆಯಲಿಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ಸಾಹೇಬರು ಅಪ್ಪಣೆ ಕೇಳಿದ್ದರಲ್ಲ. ಉತ್ತರ ಹೋಗದಿದ್ದರೆ ಇನ್ನೊಂದು ಪತ್ರ ಬಂದೀತೆಂದು ಶಾಮಣ್ಣನ ಹೆಸರಿನಲ್ಲಿ ನಾನೇ ಬರೆದೆ — ಆಟ ನಿಮ್ಮದೇ ಎಂದು ತಿಳಿಯಿರಿ, ಹೆಸರು ಹಾಕುವುದು ಬೇಡ, ಮತ್ತೆ ಬರೆಯಬೇಡಿ.

ಒಂದೂವರೆ ವರ್ಷದ ಮೇಲೆ ಆ ಚಿತ್ರ ಕ್ಯಾಂಪಿಗೆ ಬಂತು. ಶಾಮಣ್ಣ ಬಯೋಸ್ಕೋಪಿಗೆ ಹೋಗುವುದನ್ನೇ ಬಿಟ್ಟಿದ್ದ. ಗೆಳೆಯರು ಬಲವಂತದಿಂದ ಕರೆತಂದು ನನ್ನ ಪಕ್ಕದಲ್ಲೇ ಕೂರಿಸಿದರು. ಆ ಚಿತ್ರದಲ್ಲಿ ಇಂಗ್ಲಿಷ್ ಬರಹ ಇರಲಿಲ್ಲ, ಎಲ್ಲ ಫ್ರೆಂಚ್. ಮೊದಲಿಗೇ ಪರದೆಯ ಮೇಲೆ ಒಂದು ಸಾಲು ಮೂಡಿತು: ಹೆಸರು ಹೇಳಲೊಲ್ಲದ ನನ್ನ ಹಿಂದೂಸ್ತಾನದ ಗೆಳೆಯನಿಗೆ. ಅಷ್ಟು ಜನರಲ್ಲಿ ಅದನ್ನು ಓದಿದವನು ಬಹುಶಃ ನಾನೊಬ್ಬನೇ.

ಆಮೇಲೆ ದೊಡ್ಡ ಹೋಟೆಲು. ಮೀಸೆ ಸಾಹೇಬರು ಖಾಲಿ ಪಾತ್ರೆಯಿಂದ ಸೂಪು ಬಡಿಸಿಕೊಂಡು ಬರುತ್ತಿದ್ದಾರೆ. ಬಾಗುವುದು, ಓರೆ ಮಾಡುವುದು, ಕೊನೆಯ ಹನಿಗೆ ಸೌಟು ಜಾಡಿಸುವುದು... ಇಬ್ಬರು ಸಾಹುಕಾರರು ನನಗೆ ಕಡಿಮೆ, ನಿನಗೆ ಹೆಚ್ಚು ಎಂದು ಖಾಲಿ ಬಟ್ಟಲಿಗೆ ಹೊಡೆದಾಡುತ್ತಿದ್ದಾರೆ. ಶಾಮಣ್ಣ ನನ್ನ ಮುಂಗೈ ಗಟ್ಟಿಯಾಗಿ ಹಿಡಿದ. ಹಿಂದಿನಿಂದ ಗೆಳೆಯರು ಕೂಗಿದರು: "ಏ ಶಾಮಣ್ಣಾ, ಇಲ್ಲಿಂದ ಕದ್ದಿದ್ದೇನಲೇ! ಮುಂಬಯಿಗೆ ಹೋಗಿ ಮೊದಲ ನೋಡಿ ಬಂದಿದ್ದ ನೋಡ್ರಿ!" ಎಲ್ಲರೂ ಗೊಳ್ಳೆಂದು ನಕ್ಕರು. ಅವನು ಕೈ ಬಿಟ್ಟ.

ಹೊರಗೆ ಬಂದ ಮೇಲೆ ಕೇಳಿದ, "ಸುರುವಿಗೆ ಏನೋ ಬರದಿತ್ತಲ್ಲ, ಏನದು?"

"ಕಂಪನಿ ಹೆಸರು" ಅಂದೆ.

"ನನಗ ಚ್ಯಾಷ್ಟಿ ಅಂದು, ತಾವ ಮಾಡ್ಯಾರ ನೋಡು" ಅಂದ. ಬೈಯಲಿಲ್ಲ, ಮತ್ತೆ ಆ ಮಾತೂ ತೆಗೆಯಲಿಲ್ಲ. ಆದರೆ ಅಂದಿನಿಂದ ಅವನು ಕಳ್ಳನಾದ. ಹೊಸದಾಗಿ ಊಟಕ್ಕೆ ಬಂದವರಿಗೂ ಹಳಬರು ಅದನ್ನೇ ಹೇಳಿ ನಗುತ್ತಿದ್ದರು. ಪಂಕ್ತಿಯಲ್ಲಿ ಅವನ ತಮಾಷೆ ನಿಂತಿತು; ತಲೆ ತಗ್ಗಿಸಿ ಬಡಿಸಿ ಒಳಗೆ ಹೋಗುತ್ತಿದ್ದ. ಅದೇ ಪಂಕ್ತಿಯಲ್ಲಿ ಕೂತು ನಾನು ಅವನ ಕೈಯ ಅನ್ನ ಉಂಡೆ. ಮದುವೆಯಾಗಿ ಮನೆ ಮಾಡುವವರೆಗೂ, ವರ್ಷಗಟ್ಟಲೆ!

ಮೀಸೆ ಸಾಹೇಬರ ಸುದ್ದಿ ಮಾತ್ರ ಆಗಾಗ ಸಿಗುತ್ತಿತ್ತು. ಅತ್ತರಿನ ಬಾಟಲಿಗೆ ಸುತ್ತಿ ಬರುವ ಫ್ರೆಂಚ್ ಪತ್ರಿಕೆಗಳನ್ನು ಬಿಚ್ಚಿ, ಸುಕ್ಕು ಬಿಡಿಸಿ ಓದುತ್ತಿದ್ದೆ. ಮಹಾಯುದ್ಧಕ್ಕೆ ಹೋದರು, ಪುಪ್ಪುಸ ಕೆಡಿಸಿಕೊಂಡು ಬಂದರು. ಅಮೆರಿಕೆಯ ಹೊಸ ನಟರು ಬಂದ ಮೇಲೆ ಇವರನ್ನು ಕೇಳುವವರಿಲ್ಲ. ಬೇರೆಯವರ ಚಿತ್ರಗಳನ್ನು ನಿರ್ದೇಶಿಸುತ್ತ ಕೆಲವು ವರ್ಷ ನೂಕಿದರು. ಮಾತಿನ ಚಿತ್ರಗಳು ಬಂದು ಅದೂ ಹೋಯಿತು. ಒಂದು ದಿನ ಸಾಬೂನಿನ ಪೆಟ್ಟಿಗೆಯೊಳಗೆ ನಾಲ್ಕು ಸಾಲಿನ ಮರಣವಾರ್ತೆ. ಇನ್ನು ನನ್ನ ಗುಟ್ಟು ಹೊರಬರಲು ದಾರಿಯೇ ಇಲ್ಲ ಎನಿಸಿ ನನಗೆ ಹಗುರವಾಯಿತು. ಹೌದು, ಹಗುರವಾಯಿತು. ಇಂಥವನು ನಾನು.

ಮೊನ್ನೆ ಮಧ್ಯಾಹ್ನ ಪತ್ರ ಹಿಡಿದು ಶಾಮಣ್ಣನ ಮನೆಗೆ ಹೋದೆ. ಖಾನಾವಳಿ ಈಗ ಮಗ ನೋಡಿಕೊಳ್ಳುತ್ತಾನೆ. ಇವನು ಹೊರಗೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಎಲ್ಲ ಹೇಳಿದೆ. ನಾಲ್ಕೂ ಪುಟ ಕನ್ನಡದಲ್ಲಿ ಓದಿದೆ. ನಾನು ಬರೆದ ಕಳ್ಳ ಉತ್ತರ, ಪರದೆಯ ಮೇಲಿದ್ದ ಆ ಸಾಲು — ಏನನ್ನೂ ಬಿಡಲಿಲ್ಲ. ಅವನು ಕಾಯಿ ಸುಲಿಯುವುದನ್ನು ನಿಲ್ಲಿಸಿ, "ಅವರ ಮಾತಿನಾಗ ಒಮ್ಮಿ ಓದು" ಅಂದ. ಫ್ರೆಂಚಿನಲ್ಲಿ ಓದಿದೆ. ಒಂದಕ್ಷರ ತಿಳಿಯದಿದ್ದರೂ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ.

ಆಮೇಲೆ ಅಂದ, "ನರಹರಿ, ಆವಾಗ ಸುಳ್ಳ ಓದಿದ್ದೆ ಅಂತೀದಿ. ಈಗ ಖರೇ ಓದೀದಿ ಅಂತ ನಾ ಹ್ಯಾಂಗ ನಂಬಲಿ? ಮುದುಕ ಆಗ್ಯಾನ, ಒಂದು ಛಲೋ ಮಾತು ಕೇಳಿ ಸಾಯಲಿ ಅಂತ ನೀನ ಕಟ್ಟಿಕೊಂಡು ಬಂದಿರಬೇಕು."

ದೇವರ ಮೇಲೆ ಆಣೆ ಮಾಡಲು ಹೋದೆ. "ಆಣಿ ಬ್ಯಾಡ" ಅಂದ, ಮೆಲ್ಲಗೆ. ನನ್ನ ಸುಳ್ಳನ್ನು ಕೂಡಲೇ ನಂಬಿದ್ದವನು ಅವನು.

ಕ್ಯಾಂಪಿನ ಚರ್ಚಿನಲ್ಲಿ ಒಬ್ಬ ವಯಸ್ಸಾದ ಪಾದ್ರಿಗಳಿದ್ದಾರೆ. ಫ್ರೆಂಚ್ ಅವರ ಹುಟ್ಟು ಭಾಷೆ, ಮರಾಠಿಯನ್ನೂ ಚೆನ್ನಾಗಿ ಆಡುತ್ತಾರೆ. ಅವರ ಹತ್ತಿರ ಹೋಗೋಣವೇ ಎಂದು ಕೇಳಿದೆ. "ಪಾದ್ರಿ ಆದ್ರೇನು, ಇದ್ದದ್ದು ಇದ್ದಾಂಗ ಓದಿದ್ರ ಸಾಕು" ಅಂದ. ನಾಳೆ ಬೆಳಿಗ್ಗೆ ಹೋಗುತ್ತೇವೆ. ಪತ್ರವನ್ನು ಅವನ ಹತ್ತಿರವೇ ಬಿಟ್ಟು ಬಂದಿದ್ದೇನೆ. ನಾನು ಒಳಗೆ ಹೋಗುವುದಿಲ್ಲ; ಪಾದ್ರಿಗಳಿಗೆ ನಾನೇ ಹೇಳಿಕೊಟ್ಟೆನೆಂಬ ಅನುಮಾನ ಅವನಿಗೆ ಬರುವುದು ಬೇಡ. ಶಾಮಣ್ಣ ಕೇಳಿಕೊಂಡು ಬರುವವರೆಗೆ ಮೆಟ್ಟಿಲ ಕೆಳಗೆ ನಿಂತಿರುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಏನೂ ಅನ್ನದೆ ಟಾಂಗಾ ಹತ್ತಿ ಹೋಗಿಬಿಟ್ಟರೆ, ನಾನು ನಡೆದುಕೊಂಡು ಮನೆಗೆ ಬರುತ್ತೇನೆ.