ಬೆನ್ನ ಮೇಲೊಂದು ಉಣ್ಣೆ

ಕಳೆದ ವಾರ ಹಾಸನದ ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ನನ್ನ ಬೆನ್ನಿನಿಂದ ಉಣ್ಣೆ ಹುಳ ಕಿತ್ತಳು. ಹೌದು, ಹಸುವಿನ ಮೈಗೆ ಕಚ್ಚಿಕೊಳ್ಳುತ್ತದಲ್ಲ, ಅದೇ. ರಕ್ತ ಕುಡಿದು ಹುರುಳಿಕಾಳಿನಷ್ಟು ಊದಿತ್ತು.

ಕಚ್ಚಿದ್ದು ಗೊತ್ತಾಗಲಿಲ್ವಾ ಅಂತ ಕೇಳಿದಳು. ಗೊತ್ತಾಗುವುದು ಹೇಗೆ? ನನಗೆ ಎಂಎಸ್ ಇದೆ. ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ಮೈ ಕಾಯಬೇಕಾದ ಶಕ್ತಿಯೇ ನಮ್ಮ ನರಗಳ ಮೇಲೆ ತಿರುಗಿ ಬೀಳುವ ಕಾಯಿಲೆ. (ಮನೆಯವರೇ ಜಗಳಕ್ಕೆ ನಿಂತ ಹಾಗೆ.) ಬೆನ್ನಿನ ಎಡಭಾಗ ಮರಗಟ್ಟಿ ಆರು ವರ್ಷವಾಯಿತು.

ಹಗರೆಯಲ್ಲಿ ನನ್ನದು ಬಾಡಿಗೆ ಮನೆ, ಒಬ್ಬಳದೇ ಸಂಸಾರ. ಪಕ್ಕದಲ್ಲಿ ಗೌರಮ್ಮನವರ ಕೊಟ್ಟಿಗೆ. ಅದರ ಗೋಡೆಗೆ ಒರಗಿ, ಬಿಸಿಲು ಕಾಯುತ್ತಾ ಈ ಕಾಲಂ ಬರೆಯುವುದು ರೂಢಿ. ಹುಳ ಹತ್ತಿದ್ದು ಅಲ್ಲೇ ಇರಬೇಕು.

ಜ್ವರ ಬಂತು, ಕಾಲು ಸೋತವು. ಎಂಎಸ್ ಕೆರಳಿತು ಅಂದುಕೊಂಡೆ. ಅರಸೀಕೆರೆಯ ಅಕ್ಕ ಫೋನಿನಲ್ಲಿ ಅದನ್ನೇ ಹೇಳಿದಳು: "ನಿಂದು ಅದೇ ಹಳೇ ಕಾಯಿಲೆ ಕಣೇ, ರೆಸ್ಟ್ ತಗೋ." ದೊಡ್ಡ ಕಾಯಿಲೆ ಇದ್ದವರದು ಇದೇ ಗೋಳು. ಸೀನಿದರೂ ಅದರ ತಲೆಗೇ ಕಟ್ಟುತ್ತಾರೆ! ಐದು ದಿನ ಸುಮ್ಮನೆ ಮಲಗಿದೆ.

ಆರನೇ ದಿನ ಆಸ್ಪತ್ರೆಗೆ ಹೋದಾಗ ಡಾಕ್ಟರು ಬೈದರು. ಎಂಎಸ್‌ಗೆ ನಾನು ತೆಗೆದುಕೊಳ್ಳುವ ಇಂಜೆಕ್ಷನ್ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದಂತೆ. ಉಣ್ಣೆಯಿಂದ ಬಂದ ಸೋಂಕು ನನ್ನಂಥವರಿಗೆ ಜೀವಕ್ಕೇ ಕುತ್ತಾಗಬಹುದಂತೆ. ಆ್ಯಂಟಿಬಯೋಟಿಕ್ ಬರೆದುಕೊಟ್ಟು ಕೇಳಿದರು: "ದಿನಾ ಯಾರ ಹತ್ರನಾದ್ರೂ ಬೆನ್ನು ನೋಡಿಸ್ಕೊಳ್ಳಿ. ಮನೇಲಿ ಯಾರಿದ್ದಾರೆ?"

ಇದ್ದಾರೆ ಸಾರ್ ಅಂದೆ. ಶುದ್ಧ ಸುಳ್ಳು.

ಊರಿಗೆ ಬಂದ ಮರುದಿನ ಬೆಳಗ್ಗೆ ಗೌರಮ್ಮ ಹಸುವಿನ ಕಿವಿ ಮಗುಚಿ, ಕೆಚ್ಚಲು ತಡವಿ ಉಣ್ಣೆ ಹುಡುಕುತ್ತಿದ್ದರು. ದಿನವೂ ಹುಡುಕುತ್ತಾರೆ. ಹಸು ಆರಾಮಾಗಿ ಕಣ್ಣು ಮುಚ್ಚಿ ನಿಂತಿತ್ತು. ನನಗೆ ಹಸುವಿನ ಮೇಲೆ ಹೊಟ್ಟೆಕಿಚ್ಚಾಯಿತು. (ನಗಬೇಡಿ.)

"ಹುಷಾರಾದ್ರಾ ಮೇಡಮ್ಮೋರೆ? ಏನಾರ ಬೇಕಾಗಿತ್ತಾ?"

ನನ್ನ ಬೆನ್ನೂ ಒಮ್ಮೆ ನೋಡಿ ಅನ್ನುವ ಮಾತು ಗಂಟಲ ತನಕ ಬಂತು.

"ಅರ್ಧ ಲೀಟರ್ ಹಾಲು" ಅಂದೆ.

ಈಗ ದಿನಾ ಸ್ನಾನವಾದ ಮೇಲೆ ಮೊಬೈಲ್ ಹಿಂದಕ್ಕೆ ಹಿಡಿದು ನನ್ನ ಬೆನ್ನಿನ ಫೋಟೊ ನಾನೇ ತೆಗೆಯುತ್ತೇನೆ. ಅರ್ಧ ಬೆನ್ನು, ಅರ್ಧ ಗೋಡೆ ಬರುತ್ತದೆ. ಒಂಟಿತನ ನನಗೆ ಹೊಸದಲ್ಲ, ಆದರೆ ಅದಕ್ಕೆ ಹೆದರಿದ್ದು ಇದೇ ಮೊದಲು.

ಅದಿರಲಿ, ನಿಮ್ಮ ಬೆನ್ನನ್ನು ಕೊನೆಯ ಸಲ ಯಾರು ನೋಡಿದ್ದು?